35 ಇಂಚಿನ ಟೈರಿಗೆ 4.56 ಕ್ರೌನ್ ಪಿನಿಯನ್: 9,000 ಕಿ.ಮೀ. ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ದೊಡ್ಡ ಟೈರ್ ಹಾಕಿಸಿದ ದಿನವೇ ಕ್ರೌನ್ ಪಿನಿಯನ್, ಅಂದರೆ ಆಕ್ಸಲ್ ಒಳಗಿದ್ದು ಚಕ್ರ ತಿರುಗಿಸುವ ಗೇರ್ ಜೋಡಿಯನ್ನೂ ಬದಲಿಸಬೇಕಿತ್ತು. ಎಂಟು ತಿಂಗಳು ಸುಮ್ನೆ ಕಾದೆ. ಆ ಎಂಟು ತಿಂಗಳು ನನ್ನ ಪಿಕಪ್ ಟ್ರಕ್ ಓಡಿಸುವುದೆಂದರೆ ಬೇಜಾರು. ಈಗ 4.56 ಕ್ರೌನ್ ಪಿನಿಯನ್ ಕೂತು 9,000 ಕಿ.ಮೀ. ಆಗಿದೆ, ಕೆಲಸ ಇಲ್ಲದಿದ್ದರೂ ಕೀ ತೆಗೆದುಕೊಂಡು ಹೊರಡುತ್ತೇನೆ. ದೊಡ್ಡ ಟೈರ್ ಹಾಕಿಸಿ, ಎಳೆತ ಹೋಯ್ತು ಅಂತ ಏರ್ ಫಿಲ್ಟರ್, ಸೈಲೆನ್ಸರ್, ಪ್ಲಗ್ ಅಂತ ಒಂದೊಂದೇ ಬದಲಿಸುತ್ತಾ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೊಂದರೆ ಎಂಜಿನ್‌ನಲ್ಲಿ ಇರುವುದಿಲ್ಲ, ಆಕ್ಸಲ್ ಹೌಸಿಂಗ್ ಒಳಗೆ ಇರುತ್ತದೆ.

ಗಾಡಿಯ ವಿವರ ಇಷ್ಟು. ಆರು ಸಿಲಿಂಡರಿನ ಹಳೆಯ ಪೆಟ್ರೋಲ್ ಎಂಜಿನ್, ಟರ್ಬೋ ಇಲ್ಲ. ನಾಲ್ಕು ಗೇರಿನ ಆಟೋಮ್ಯಾಟಿಕ್, ಟಾಪ್ ಗೇರ್ 0.75. ಫೋರ್ ವೀಲ್ ಡ್ರೈವ್, ಹಿಂದೆ ಮುಂದೆ ಎರಡೂ ಡಾನಾ 44 ಮಾದರಿಯ ಆಕ್ಸಲ್. ಮೊದಲಿದ್ದ ರೇಷಿಯೋ (ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) 3.73, ಟೈರ್ 265/70 ಆರ್ 16. ನಾನು ಹಾಕಿಸಿದ್ದು 315/75 ಆರ್ 16, ಎಲ್ಲರೂ 35 ಅಂತ ಕರೆಯುವ ಸೈಜು.

ಹೊಸ ಟೈರ್ ಬಂದ ಮೇಲೆ ಏನಾಯ್ತು ಅಂದರೆ, ಟಾಪ್ ಗೇರ್ ನಿಲ್ಲುತ್ತಲೇ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಏರು ಬಂದರೂ ಮೂರಕ್ಕೆ ಇಳಿಯುತ್ತಿತ್ತು, ಸ್ವಲ್ಪ ವೇಗ ಬಂದರೆ ನಾಲ್ಕಕ್ಕೆ, ಎದುರುಗಾಳಿ ಬಂದರೆ ಮತ್ತೆ ಮೂರಕ್ಕೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಆಯಿಲ್ ಜೋಡಣೆ) ಲಾಕ್ ಆಗಿದ್ದು ಬಿಟ್ಟುಬಿಟ್ಟು, ಮತ್ತೆ ಲಾಕ್ ಆಗಿ, ಹೀಗೇ ದಾರಿಯುದ್ದಕ್ಕೂ. ಇದರಿಂದ ಗೇರ್‌ಬಾಕ್ಸ್ ಆಯಿಲ್ ಕಾಯುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬಿಸಿಗಿಂತ ದೊಡ್ಡ ಶತ್ರು ಇಲ್ಲ. ನಿಂತಲ್ಲಿಂದ ಹೊರಡುವಾಗಲಂತೂ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ.

ಕಾರಣ ಸರಳ. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಹಾಗಾಗಿ ಎಂಜಿನ್ ಪ್ರತಿ ಸುತ್ತಿಗೂ ಹೆಚ್ಚು ದುಡಿಯಬೇಕು. ಎಷ್ಟು ಹೆಚ್ಚು ಅನ್ನುವುದನ್ನು ಟೈರ್ ಮೇಲೆ ಬರೆದ ನಂಬರ್ ನೋಡಿ ಲೆಕ್ಕ ಹಾಕಬೇಡಿ. ಬದಿಯಲ್ಲಿ ಬರೆದಷ್ಟು ಎತ್ತರ ಟೈರ್ ಭಾರದ ಕೆಳಗೆ ಇರುವುದಿಲ್ಲ. ನಾನು ಮಾಡಿದ್ದು ಹೀಗೆ: ಗಾಳಿ ಸರಿಯಾಗಿ ತುಂಬಿಸಿ, ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಹಾಕಿದೆ. ಗಾಡಿಯನ್ನು ನೇರಕ್ಕೆ ತಳ್ಳಿಸಿದೆ. ಟೈರಿನ ಗೆರೆ ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೆರೆ. ನಡುವೆ ಟೇಪ್ ಹಿಡಿದರೆ 2.67 ಮೀಟರ್. ಹಳೆಯ ಟೈರನ್ನು ಬಿಚ್ಚುವ ಮೊದಲು ಇದೇ ರೀತಿ ಅಳೆದಿಟ್ಟಿದ್ದೆ, 2.36 ಮೀಟರ್ ಬಂದಿತ್ತು. 2.67 ಮೀಟರನ್ನು 3.14ರಿಂದ ಭಾಗಿಸಿದರೆ ನಮ್ಮ '35 ಇಂಚಿನ' ಟೈರ್ ನಿಜಕ್ಕೂ ಉರುಳುವುದು 33 ಮುಕ್ಕಾಲು ಇಂಚಿಗಿಂತ ಕಡಿಮೆ ಇರುವ ಟೈರಿನ ಹಾಗೆ. ಬೇಕಾಗಿದ್ದು ಎರಡರ ನಡುವಿನ ವ್ಯತ್ಯಾಸ ಮಾತ್ರ, ಅದು ಸುಮಾರು 13 ಶೇಕಡಾ.

ಅಂದರೆ ನನ್ನ 3.73 ಈಗ ರಸ್ತೆಯಲ್ಲಿ 3.30ರ ಹಾಗೆ ನಡೆದುಕೊಳ್ಳುತ್ತಿದೆ. ಮೊದಲಿನ ಸ್ಥಿತಿಗೆ ತರಬೇಕಾದರೆ 3.73ಕ್ಕೆ 13 ಶೇಕಡಾ ಸೇರಿಸಬೇಕು, 4.22 ಬರುತ್ತದೆ. 4.22 ಅಂತ ಗೇರ್ ಸಿಗುವುದಿಲ್ಲ. ಈ ಆಕ್ಸಲ್‌ಗೆ ಸುಲಭವಾಗಿ ಸಿಗುವುದು 4.10, 4.56, 4.88. ಹತ್ತಿರ ಇರುವುದು 4.10 ಅಲ್ವಾ, ಅದನ್ನೇ ಹಾಕಿಸೋಣ ಅಂತ ಬಹಳ ಜನ ಅಲ್ಲಿಗೆ ನಿಲ್ಲಿಸುತ್ತಾರೆ. ನಾನೂ ಎರಡು ವಾರ ಅಲ್ಲೇ ನಿಂತಿದ್ದೆ.

ಆದರೆ 4.22 ಅನ್ನುವ ಲೆಕ್ಕದಲ್ಲಿ ಟೈರಿನ ಎತ್ತರ ಮಾತ್ರ ಇದೆ. ತೂಕ ಇಲ್ಲ. ಒಂದೊಂದು ಟೈರೂ ಹಳೆಯದಕ್ಕಿಂತ ಎಷ್ಟು ಭಾರ ಅಂತ ಎತ್ತಿ ನೋಡಿದವರಿಗೆ ಗೊತ್ತು, ಅದೂ ಭಾರ ಇರುವುದು ಅಂಚಿನಲ್ಲಿ, ತಿರುಗಿಸುವುದಕ್ಕೇ ಜಾಸ್ತಿ ಶಕ್ತಿ ಬೇಕು. ಅಗಲ ಜಾಸ್ತಿ, ಕಚ್ಚು ಆಳ, ಉರುಳುವ ತಡೆ ಜಾಸ್ತಿ. ಜೊತೆಗೆ ಗಾಡಿ ಎತ್ತರಿಸಿದ್ದರಿಂದ ಗಾಳಿಗೆ ಎದೆ ಕೊಟ್ಟು ನಿಂತಿದೆ. ಹಳೆಯ ಆರ್‌ಪಿಎಂಗೆ ತಂದು ನಿಲ್ಲಿಸಿದರೂ ಎಂಜಿನ್ ಮೇಲಿನ ಹೊರೆ ಹಳೆಯದಲ್ಲ. ಅದಕ್ಕೇ ಲೆಕ್ಕದಲ್ಲಿ ಬಂದದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ಅಂತ ಈ ಕೆಲಸ ಗೊತ್ತಿರುವವರು ಹೇಳುವುದು. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಇರುವವರಿಗೆ ಈ ಮಾತು ನೂರಕ್ಕೆ ನೂರು ನಿಜ.

100 ಕಿ.ಮೀ. ವೇಗದಲ್ಲಿ, ಟಾಪ್ ಗೇರ್‌ನಲ್ಲಿ, ಕನ್ವರ್ಟರ್ ಲಾಕ್ ಆದಾಗ ಎಂಜಿನ್ ಎಷ್ಟು ತಿರುಗುತ್ತದೆ ಅಂತ ಪ್ರತಿಯೊಂದಕ್ಕೂ ಲೆಕ್ಕ ಹಾಕಿದೆ. 100 ಕಿ.ಮೀ. ಅಂದರೆ ನಿಮಿಷಕ್ಕೆ 1,667 ಮೀಟರ್. ಅದನ್ನು ಟೈರಿನ ಒಂದು ಸುತ್ತಿನ ದೂರದಿಂದ ಭಾಗಿಸಿ, ಆಕ್ಸಲ್ ರೇಷಿಯೋದಿಂದ, ಆಮೇಲೆ ಟಾಪ್ ಗೇರಿನ 0.75ರಿಂದ ಗುಣಿಸಿದರೆ ಆಯ್ತು. ಹಳೆಯ ಟೈರ್, 3.73: ಸುಮಾರು 1,975. ಹೊಸ ಟೈರ್, ಅದೇ 3.73: 1,745, ಈ ಎಂಜಿನ್‌ಗೆ ಅಲ್ಲಿ ಜೀವವೇ ಇಲ್ಲ. 4.10 ಹಾಕಿದರೆ 1,920, ಅಂದರೆ ಮೊದಲಿಗಿಂತ ಇನ್ನೂ ಸ್ವಲ್ಪ ಕಡಿಮೆಯೇ. 4.56ಕ್ಕೆ 2,135. 4.88ಕ್ಕೆ 2,285. ಈ ಸಾಲನ್ನು ಕಾಗದದ ಮೇಲೆ ಬರೆದು ನೋಡಿದಾಗಲೇ ನನ್ನ ಗೊಂದಲ ಮುಗಿಯಿತು. ಇಷ್ಟು ಖರ್ಚು ಮಾಡಿ, ಎರಡೂ ಆಕ್ಸಲ್ ಬಿಚ್ಚಿಸಿ, ಕೊನೆಗೆ ಮೊದಲಿದ್ದಕ್ಕಿಂತ ಕಡಿಮೆಗೆ ಯಾಕೆ ಒಪ್ಪಿಕೊಳ್ಳಬೇಕು?

4.88 ಯಾಕೆ ಬೇಡ ಅಂದರೆ, ನನ್ನದು ಹೆಚ್ಚಾಗಿ ಹೆದ್ದಾರಿ ಓಟ. ದಿನವೂ ಟ್ರೇಲರ್ ಎಳೆಯುವುದಿಲ್ಲ, ಬಂಡೆ ಹತ್ತಿಸುವುದಿಲ್ಲ. ಇನ್ನೊಂದು ಕಾರಣವೂ ಇದೆ. ರೇಷಿಯೋ ಅಂದರೆ ಕ್ರೌನ್‌ನ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದ್ದು. 3.73ರಲ್ಲಿ 41 ಮತ್ತು 11, 4.10ರಲ್ಲಿ 41 ಮತ್ತು 10, 4.56ರಲ್ಲಿ 41 ಮತ್ತು 9, 4.88ರಲ್ಲಿ 39 ಮತ್ತು 8. ನಂಬರ್ ಏರಿದಂತೆ ಪಿನಿಯನ್ ತಲೆ ಚಿಕ್ಕದಾಗುತ್ತಾ ಹೋಗುತ್ತದೆ. ಚಿಕ್ಕ ಪಿನಿಯನ್ ಅಂದರೆ ಒಂದೇ ಸಮಯದಲ್ಲಿ ಕಚ್ಚಿಕೊಂಡಿರುವ ಹಲ್ಲು ಕಡಿಮೆ, ಬಲವೂ ಸ್ವಲ್ಪ ಕಡಿಮೆ. ನನ್ನ ಬಳಕೆಗೆ 9 ಹಲ್ಲು ಸಾಕು ಅನ್ನಿಸಿತು.

ಪೆಟ್ಟಿಗೆ ಬಿಚ್ಚಿದಾಗ ಹಳೆಯ ಮತ್ತು ಹೊಸ ಪಿನಿಯನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದು ಮುಷ್ಟಿಯಷ್ಟು ದಪ್ಪ, ಹೊಸದರ ತಲೆ ಕಣ್ಣಿಗೆ ಎದ್ದು ಕಾಣುವಷ್ಟು ಸಣ್ಣ. ಹಲ್ಲಿನ ಮೇಲೆ ಬೆರಳಾಡಿಸಿದರೆ ಎಲ್ಲೂ ತೊಡರಲಿಲ್ಲ. ಕ್ರೌನ್‌ನ ಅಂಚಿನಲ್ಲೂ ಪಿನಿಯನ್ ತುದಿಯಲ್ಲೂ ಒಂದೇ ನಂಬರ್ ಕೊರೆದಿತ್ತು. ಇದನ್ನು ನೀವೇ ನಿಂತು ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ಇವೆರಡನ್ನು ಜೋಡಿ ಮಾಡಿ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಒಂದು ಪೆಟ್ಟಿಗೆಯ ಕ್ರೌನಿಗೆ ಇನ್ನೊಂದು ಪೆಟ್ಟಿಗೆಯ ಪಿನಿಯನ್ ಸೇರಿಸುವಂತಿಲ್ಲ. ಹಿಂದೆ ಮುಂದೆ ಎರಡು ಸೆಟ್ ಒಟ್ಟಿಗೆ ಬಿಚ್ಚಿದಾಗ ಬೆಂಚಿನ ಮೇಲೆ ಅದಲು ಬದಲಾಗುವ ಅಪಾಯ ಇರುವುದರಿಂದ ಹೇಳುತ್ತಿದ್ದೇನೆ.

ಸಾಮಾನು ತರಿಸುವ ಮೊದಲು ಎರಡು ವಿಷಯ ತಿಳಿದಿರಲಿ. ಒಂದು, ಫೋರ್ ವೀಲ್ ಡ್ರೈವ್ ಇದ್ದರೆ ಎರಡೂ ಆಕ್ಸಲ್ ಬದಲಿಸಲೇಬೇಕು. ಹಿಂದೆ 4.56, ಮುಂದೆ 3.73 ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ ಜಗಳಕ್ಕೆ ಬಿದ್ದು, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. 4.55 ಮತ್ತು 4.56ರಂಥ ಕೂದಲೆಳೆಯ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಇಲ್ಲ. ಇನ್ನೊಂದು, ಕ್ಯಾರಿಯರ್, ಅಂದರೆ ಕ್ರೌನ್ ಬೋಲ್ಟ್ ಆಗಿ ಕೂರುವ ಡಿಫರೆನ್ಷಿಯಲ್ ಗೂಡು. ಡಾನಾ 44ರಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಇನ್ನೊಂದು. ಪಿನಿಯನ್ ಚಿಕ್ಕದಾದಾಗ ಕ್ರೌನ್ ಅದರ ಹತ್ತಿರ ಬರಬೇಕಲ್ಲ, ಹಳೆಯ ಕ್ಯಾರಿಯರ್ ಮೇಲೆ ಅದು ಮುಟ್ಟುವುದಿಲ್ಲ. ಹಳೆಯ ಕ್ಯಾರಿಯರ್ ಉಳಿಸಿಕೊಳ್ಳಲೆಂದೇ ದಪ್ಪ ಕ್ರೌನ್ ಇರುವ ಸೆಟ್‌ಗಳೂ ಬರುತ್ತವೆ. ನಾನು ಹೇಗೂ ಬದಲಿಸಬೇಕು ಅಂತ ಹಿಂದಕ್ಕೆ ಕ್ಲಚ್ ಮಾದರಿಯ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವಂಥದ್ದು) ಹಾಕಿಸಿದೆ, ಮುಂದಕ್ಕೆ ಮಾಮೂಲಿ ಕ್ಯಾರಿಯರ್. ಲಾಕರ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವಂಥದ್ದು) ಹಾಕಿಸುವ ಆಸೆ ಇರುವವರು ಇದೇ ಸಮಯದಲ್ಲಿ ಹಾಕಿಸಿ, ಹೌಸಿಂಗ್ ಎರಡು ಸಲ ಬಿಚ್ಚಿಸಿದರೆ ಕೂಲಿ ಎರಡು ಸಲ ಕೊಡಬೇಕು.

ಈಗಿರುವ ರೇಷಿಯೋ ಎಷ್ಟು ಅಂತಲೇ ಗೊತ್ತಿಲ್ಲದಿದ್ದರೆ ಕವರ್ ಬಿಚ್ಚಬೇಕಾಗಿಲ್ಲ. ಮಾಮೂಲಿ ಡಿಫರೆನ್ಷಿಯಲ್ ಆದರೆ ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಉಳಿದವಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ. ಮೂರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಬಂದರೆ 3.73.

ಇನ್ನು ಕೂರಿಸುವ ಕೆಲಸ. ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಮೊದಲು ಕೊಟ್ಟ ವರ್ಕ್‌ಶಾಪ್‌ನಲ್ಲಿ ಒಂದೇ ದಿನದಲ್ಲಿ ಎರಡೂ ಆಕ್ಸಲ್ ಮುಗಿಸಿಕೊಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮನೆಗೆ ಬರುವ ದಾರಿಯಲ್ಲಿ 70 ದಾಟಿ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಹಿಂದಿನಿಂದ ಗೊಂಯ್ ಅನ್ನುವ ಶಬ್ದ. ತುಳಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಫೋನ್ ಮಾಡಿದರೆ ಹೊಸ ಗೇರ್, ಓಡುತ್ತಾ ಓಡುತ್ತಾ ಸರಿಹೋಗುತ್ತದೆ ಅಂದರು. ಹೋಗುವುದಿಲ್ಲ. ಸರಿಯಾಗಿ ಕೂತ ಹೊಸ ಕ್ರೌನ್ ಪಿನಿಯನ್ ಮೊದಲ ದಿನದಿಂದಲೇ ಸದ್ದಿಲ್ಲದೆ ಓಡಬೇಕು. ಅವತ್ತಿಗೆ ಓಡಿದ್ದು 60 ಕಿ.ಮೀ. ಅಷ್ಟಕ್ಕೇ ಗಾಡಿ ನಿಲ್ಲಿಸಿದೆ.

ಎರಡನೆಯ ಮೆಕ್ಯಾನಿಕ್ ಬರೀ ಆಕ್ಸಲ್ ಕೆಲಸ ಮಾಡುವವರು. ಕವರ್ ಬಿಚ್ಚಿ, ಆಯಿಲ್ ಒರೆಸಿ, ಕ್ರೌನ್‌ನ ನಾಲ್ಕೈದು ಹಲ್ಲಿಗೆ ಹಳದಿ ಬಣ್ಣದ ಪೇಸ್ಟ್ ಬ್ರಷ್‌ನಲ್ಲಿ ಹಚ್ಚಿದರು. ಒಂದು ಕೋಲಿನಿಂದ ಕ್ರೌನಿಗೆ ತಡೆ ಕೊಟ್ಟು ಪಿನಿಯನ್ನನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿದರು. "ಬನ್ನಿ ಸರ್, ನೀವೇ ನೋಡಿ" ಅಂತ ಟಾರ್ಚ್ ಹಿಡಿದರು. ಪೇಸ್ಟ್ ಒರೆಸಿಹೋದ ಗುರುತು ಹಲ್ಲಿನ ನಡುವೆ ಇರಬೇಕು, ಅದು ಬುಡದಲ್ಲಿ ಒಂದು ತೆಳು ಪಟ್ಟಿಯಾಗಿ ಬಿದ್ದಿತ್ತು. ಪಿನಿಯನ್ ಬೇಕಾದ್ದಕ್ಕಿಂತ ಒಳಗೆ ಕೂತಿದೆ ಅಂತ ಅರ್ಥ. ಹಳೆಯ ಪಿನಿಯನ್‌ಗೆ ಇದ್ದ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಅನ್ನೇ ಹೊಸದಕ್ಕೂ ಹಾಕಿ, ಗುರುತು ನೋಡದೆ ಮುಚ್ಚಿದ್ದರು.

ಅವರು ಪಿನಿಯನ್ ಹೊರಗೆ ತೆಗೆದು, ಬೇರಿಂಗ್ ಕಳಚಿ, ಶಿಮ್ ಸ್ವಲ್ಪ ಕಡಿಮೆ ಮಾಡಿ ಮತ್ತೆ ಕೂರಿಸಿ ಪೇಸ್ಟ್ ಹಚ್ಚಿ ನೋಡಿದರು. ಗುರುತು ಮೇಲೆ ಬಂತು, ಸಾಲದು. ಮತ್ತೆ ಬಿಚ್ಚಿದರು. ಮೂರನೆಯ ಸಲಕ್ಕೆ ಹಲ್ಲಿನ ನಡುವೆ, ಎರಡೂ ಬದಿಯಲ್ಲೂ ಮೊಟ್ಟೆಯಾಕಾರದ ಗುರುತು ನೀಟಾಗಿ ಬಿತ್ತು. ಆಮೇಲೆ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲ) ನೋಡಿದರು, 0.18 ಮಿ.ಮೀ. ಇಂಥ ಆಕ್ಸಲ್‌ಗೆ 0.15ರಿಂದ 0.25ರ ಒಳಗೆ ಇರಬೇಕು. ಕ್ರೌನ್‌ನ ಒಂದೇ ಕಡೆ ನೋಡಿ ಬಿಡಲಿಲ್ಲ, ಸುತ್ತಲೂ ನಾಲ್ಕು ಕಡೆ ನೋಡಿದರು. ಪಿನಿಯನ್ ಬೇರಿಂಗ್‌ನ ಪ್ರೀಲೋಡ್ (ಬಿಗಿತ) ಅನ್ನು ಚಿಕ್ಕ ಟಾರ್ಕ್ ರೆಂಚ್‌ನಲ್ಲಿ ತಿರುಗಿಸಿ ಅಳೆದರು, ಕೈ ಅಂದಾಜಿನಲ್ಲಿ ಅಲ್ಲ. ಕ್ಯಾರಿಯರ್ ಬೇರಿಂಗ್ ಕ್ಯಾಪ್‌ಗಳಿಗೆ ಬಿಚ್ಚುವ ಮೊದಲೇ ಎಡ ಬಲ ಗುರುತು ಹಾಕಿಟ್ಟಿದ್ದರು. ಮುಂದಿನ ಆಕ್ಸಲ್ ಕೂಡ ಬಿಚ್ಚಿ ನೋಡಿದರು, ಅದೃಷ್ಟಕ್ಕೆ ಅದು ಸರಿ ಇತ್ತು. "60 ಕಿ.ಮೀ.ಗೇ ತಂದ್ರಿ, ಹಲ್ಲಿಗೆ ಏನೂ ಆಗಿಲ್ಲ. ಸಾವಿರ ಓಡಿಸಿ ತಂದಿದ್ದರೆ ನಾನು ಎಷ್ಟೇ ಸರಿ ಮಾಡಿದ್ರೂ ಸದ್ದು ಉಳೀತಿತ್ತು" ಅಂದರು.

ಸದ್ದು ಪೂರ್ತಿ ಹೋಯ್ತು. ಅವತ್ತಿನಿಂದ ಇವತ್ತಿನವರೆಗೆ ಇಲ್ಲ. ಸೆಟ್ ಅದೇ, ಕೈ ಬೇರೆ. ಹೀಗಾಗಿ ಯಾವ ಕಂಪನಿಯ ಕ್ರೌನ್ ಪಿನಿಯನ್ ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಕೂರಿಸುವವರು ಯಾರು ಅಂತ ಕೇಳುತ್ತೇನೆ. ಕೊಡುವ ಮೊದಲು, ಪೇಸ್ಟ್ ಹಚ್ಚಿದ ಗುರುತಿನ ಫೋಟೋ ಮತ್ತು ಬ್ಯಾಕ್‌ಲ್ಯಾಷ್ ಎಷ್ಟು ಬಂತು ಅನ್ನುವುದನ್ನು ಬರೆದು ಕೊಡುತ್ತೀರಾ ಅಂತ ಕೇಳಿ. ಖುಷಿಯಿಂದ ಒಪ್ಪುವವರಿಗೆ ಕೊಡಿ. ಬೇರಿಂಗ್, ಸೀಲ್, ಕ್ರೌನ್ ಬೋಲ್ಟ್ ಎಲ್ಲ ಹೊಸದು ಹಾಕಿಸಿ, ಅಲ್ಲಿ ಉಳಿತಾಯ ಬೇಡ.

ಹೊಸ ಗೇರನ್ನು ಪಳಗಿಸುವ ಕ್ರಮವನ್ನೂ ಬಿಡಬೇಡಿ. ಮೊದಲ ಓಟ 15-20 ನಿಮಿಷ, ಮೆತ್ತಗೆ. ಆಮೇಲೆ ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಬೇಕು. ಹೀಗೆ ಮೂರ್ನಾಲ್ಕು ಸಲ. ಹೊಸ ಹಲ್ಲುಗಳು ಒಂದನ್ನೊಂದು ಉಜ್ಜಿಕೊಂಡು ನುಣುಪಾಗುವಾಗ ಬಿಸಿ ತುಂಬಾ ಹುಟ್ಟುತ್ತದೆ, ಆಗಲೇ ಭಾರ ಹೇರಿದರೆ ಆಯಿಲ್ ಸುಟ್ಟು ಹಲ್ಲಿನ ಗಟ್ಟಿತನ ಹೋಗುತ್ತದೆ. 800 ಕಿ.ಮೀ.ವರೆಗೆ ನಾನು ಟ್ರೇಲರ್ ಮುಟ್ಟಲಿಲ್ಲ, ಜೋರಾಗಿ ತುಳಿಯಲಿಲ್ಲ. 800ಕ್ಕೆ ಆಯಿಲ್ ಬದಲಿಸಿದೆ. ಆಯಿಲ್ ಜಿಎಲ್-5 ದರ್ಜೆಯದ್ದೇ ಆಗಬೇಕು, ಕ್ಲಚ್ ಇರುವ ಲಿಮಿಟೆಡ್ ಸ್ಲಿಪ್ ಆದರೆ ಅದಕ್ಕೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಸೇರ್ಪಡೆ ಕೂಡ. ಇಲ್ಲದಿದ್ದರೆ ತಿರುವಿನಲ್ಲಿ ಕ್ಲಚ್ ಕಟಕಟ ಅನ್ನುತ್ತದೆ.

ಓಡಿಸುವಾಗ ಹೇಗಿದೆ? ನಿಂತಲ್ಲಿಂದ ಹೊರಟಾಗ ಸಿಗ್ನಲ್ ದಾಟುವಷ್ಟರಲ್ಲೇ ಗೊತ್ತಾಯ್ತು. ಹಿಂದೆ ಕಟ್ಟಿದ್ದ ಹಗ್ಗ ಯಾರೋ ಬಿಚ್ಚಿದ ಹಾಗೆ. ಹೆದ್ದಾರಿಯಲ್ಲಿ ಟಾಪ್ ಗೇರ್ ಹಾಕಿದರೆ ಟಾಪ್ ಗೇರ್‌ನಲ್ಲೇ ಇರುತ್ತದೆ, ಕನ್ವರ್ಟರ್ ಲಾಕ್ ಆಗಿದ್ದು ಬಿಡುವುದಿಲ್ಲ. ಮೊದಲು ಮೂರು ಸಲ ಗೇರ್ ಬದಲಾಗುತ್ತಿದ್ದ ಉದ್ದದ ಏರು ಒಂದಿದೆ, ಈಗ ಅದರ ಬಹುಪಾಲು ನಾಲ್ಕರಲ್ಲೇ ಹತ್ತುತ್ತದೆ, ಕೊನೆಯ ತುಂಡಿಗೆ ಮಾತ್ರ ಒಂದು ಸಲ ಇಳಿಯುತ್ತದೆ. ಲೋ ರೇಂಜಿನಲ್ಲಿ (ಫೋರ್ ವೀಲ್ ಡ್ರೈವಿನ ನಿಧಾನದ ಗೇರ್) ಇನ್ನೂ ಚೆನ್ನ. ಇಳಿಜಾರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಕಾಲು ಬ್ರೇಕಿನ ಮೇಲೆ ಕಡಿಮೆ. ಆದರೆ ಬ್ರೇಕ್ ಬಗ್ಗೆ ಒಂದು ಮಾತು: ಗೇರ್ ಬದಲಿಸಿದರೆ ಎಳೆತ ವಾಪಸ್ ಬರುತ್ತದೆ, ಬ್ರೇಕ್ ಬರುವುದಿಲ್ಲ. ದೊಡ್ಡ ಟೈರಿನ ಗಾಡಿ ನಿಲ್ಲುವುದಕ್ಕೆ ಇನ್ನೂ ಜಾಸ್ತಿ ದೂರ ಬೇಕು, ದಯವಿಟ್ಟು ಅದನ್ನು ಬೇರೆಯಾಗಿ ಯೋಚಿಸಿ.

ಮೈಲೇಜ್ ವಿಷಯಕ್ಕೆ ಬರುವ ಮೊದಲು ಸ್ಪೀಡೋಮೀಟರ್. ಟೈರ್ ಮಾತ್ರ ಬದಲಿಸಿದ್ದಾಗ ಮೀಟರ್ 100 ತೋರಿಸಿದರೆ ಗಾಡಿ ನಿಜಕ್ಕೂ 113ರಲ್ಲಿ ಇರುತ್ತಿತ್ತು. ಗೇರ್ ಹಾಕಿದ ಮೇಲೆ ಉಲ್ಟಾ, 100 ತೋರಿಸಿದಾಗ ನಿಜವಾದ ವೇಗ 92-93. ನನ್ನ ಗಾಡಿಯಲ್ಲಿ ವೇಗದ ಸೆನ್ಸರ್ ಟ್ರಾನ್ಸ್‌ಫರ್ ಕೇಸ್ ಹಿಂದೆ ಇರುವುದರಿಂದ ಹೀಗೆ. ಚಕ್ರದ ಹತ್ತಿರ ಸೆನ್ಸರ್ ಇರುವ ಗಾಡಿಗಳಲ್ಲಿ ಟೈರಿನ ವ್ಯತ್ಯಾಸ ಮಾತ್ರ ಸರಿಪಡಿಸಿದರೆ ಸಾಕು. ಸರಿಪಡಿಸಿದ ಮೇಲೆ ಫೋನಿನ ಜಿಪಿಎಸ್ ಜೊತೆ ತಾಳೆ ನೋಡಿದೆ, ಈಗ ಸರಿ ಇದೆ. ಕಂಪ್ಯೂಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಇದನ್ನು ಮಾಡದಿದ್ದರೆ ಗೇರ್ ಬದಲಾಗುವ ಸಮಯವೂ ತಪ್ಪುತ್ತದೆ.

ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಪಾತಾಳಕ್ಕೆ ಹೋಯ್ತು ಅನ್ನುವವರಲ್ಲಿ ಅರ್ಧ ಜನ ಓಡೋಮೀಟರ್ ಕಡಿಮೆ ಎಣಿಸುತ್ತಿದೆ ಅನ್ನುವುದನ್ನೇ ಮರೆತಿರುತ್ತಾರೆ. ನನ್ನದು ಹಳೆಯ ಟೈರಿನಲ್ಲಿ ಲೀಟರಿಗೆ 8 ಇತ್ತು. ದೊಡ್ಡ ಟೈರಿನಲ್ಲಿ ಮೀಟರ್ ಪ್ರಕಾರ 5.9, ತಿದ್ದಿ ನೋಡಿದರೆ 6.7. 4.56 ಹಾಕಿದ ಮೇಲೆ 7.1. ಆರ್‌ಪಿಎಂ ಏರಿದರೂ ಮೈಲೇಜ್ ಹೇಗೆ ಏರಿತು ಅಂದರೆ, ಎಂಜಿನ್ ಈಗ ತಿಣುಕುತ್ತಿಲ್ಲ, ಕನ್ವರ್ಟರ್ ಜಾರುತ್ತಿಲ್ಲ, ಆಕ್ಸಲರೇಟರ್ ಅರ್ಧದವರೆಗೆ ತುಳಿದಿಟ್ಟುಕೊಳ್ಳಬೇಕಾಗಿಲ್ಲ. ಆದರೆ 8 ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟವಾಗದ್ದೂ ಇದೆ. 110 ದಾಟಿದರೆ ಎಂಜಿನ್ ಸದ್ದು ಒಳಗೆ ಜಾಸ್ತಿ. ಪ್ರೊಪೆಲ್ಲರ್ ಶಾಫ್ಟ್ ಈಗ ಮೊದಲಿಗಿಂತ ವೇಗವಾಗಿ ತಿರುಗುತ್ತದೆ, ಗಾಡಿ ಎತ್ತರಿಸಿದ್ದರಿಂದ ಶಾಫ್ಟಿನ ಕೋನವೂ ಕಡಿದಾಗಿದೆ. ಹೀಗಾಗಿ ಮೊದಲು ಗೊತ್ತೇ ಆಗದಿದ್ದ ಸಣ್ಣ ನಡುಕ 95ರ ಹತ್ತಿರ ಕಾಣಿಸಿಕೊಂಡಿತು. ಯೂನಿವರ್ಸಲ್ ಜಾಯಿಂಟ್ ಬದಲಿಸಿ ಶಾಫ್ಟ್ ಬ್ಯಾಲೆನ್ಸ್ ಮಾಡಿಸಬೇಕಾಯ್ತು. ಮತ್ತೆ ಖರ್ಚು. ಒಳ್ಳೆಯ ಕೈಗೆ ಕೊಟ್ಟರೆ ಕೂಲಿ ಸಾಮಾನಿನಷ್ಟೇ ಆಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ನನ್ನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಟರ್ಬೋ ಡೀಸೆಲ್ ಇದ್ದರೆ ಇದೇ ಟೈರಿಗೆ 4.10 ಸಾಕಾಗಬಹುದು. ಎಂಟು, ಹತ್ತು ಗೇರಿನ ಹೊಸ ಆಟೋಮ್ಯಾಟಿಕ್‌ಗಳಲ್ಲಿ ಟಾಪ್ ಗೇರ್ 0.65ರ ಆಸುಪಾಸು ಇರುತ್ತದೆ, ಅಲ್ಲಿ 4.88 ಕೂಡ ಹೆದ್ದಾರಿಯಲ್ಲಿ ಕಿರಿಚುವುದಿಲ್ಲ. ದಿನವೂ ಭಾರ ಎಳೆಯುವವರು, ಎತ್ತರದ ಪ್ರದೇಶದಲ್ಲಿ ಓಡಿಸುವವರು 4.88 ನೋಡಿ. ಮುಂದೆ 37ಕ್ಕೆ ಹೋಗುವ ಯೋಚನೆ ಇದ್ದರೆ ಈಗಲೇ ಆ ಟೈರಿಗೆ ತಕ್ಕ ಗೇರ್ ಹಾಕಿಸಿ. 33ರಲ್ಲೇ ನಿಲ್ಲಿಸಿದವರಿಗೆ ಈಗಾಗಲೇ 4.10 ಇದ್ದರೆ ಏನೂ ಮಾಡಿಸಬೇಡಿ, ಓಡಿಸಿ.

ಹೋದ ವಾರ ಹಿಂದಿನ ಹೌಸಿಂಗ್‌ನ ಆಯಿಲ್ ಮತ್ತೆ ಬದಲಿಸಿದೆ. 800 ಕಿ.ಮೀ.ಗೆ ಬಿಚ್ಚಿದಾಗ ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ದಪ್ಪಗೆ ಕೂತಿತ್ತು, ಕಾಡಿಗೆಯ ಹಾಗೆ ನುಣ್ಣಗೆ. ಈ ಸಲ ಬೆರಳಿಗೆ ಹತ್ತುವಷ್ಟು ತೆಳ್ಳಗೆ ಮಾತ್ರ. ಚೂರು, ತುಂಡು ಒಂದೂ ಇಲ್ಲ. ಕವರ್ ತೆಗೆದಿದ್ದಾಗ ಕ್ರೌನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ 41 ಹಲ್ಲನ್ನೂ ಟಾರ್ಚ್ ಹಾಕಿ ನೋಡಿದೆ. ಪ್ರತಿ ಹಲ್ಲಿನ ನಡುವೆಯೂ ಅದೇ ಮೊಟ್ಟೆಯಾಕಾರದ ಹೊಳಪು, ಅವತ್ತು ಹಳದಿ ಪೇಸ್ಟಿನಲ್ಲಿ ಕಂಡ ಜಾಗದಲ್ಲೇ.